ಟ್ರಂಕಿನ ಲಕೋಟೆಗಳನ್ನು ಕತ್ತರಿಸಬೇಡಿ, ಅಪ್ಪ

ರಿಚ್ಮಂಡ್, ವರ್ಜೀನಿಯಾ
ಅಕ್ಟೋಬರ್ 16

ತೀರ್ಥರೂಪರಾದ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ದೀಪಾವಳಿಗೆಂದು ಅಟ್ಟ ಗುಡಿಸಿ ಹಳೆಯ ಕಾಗದಗಳ ಟ್ರಂಕು ಇಳಿಸಿದ್ದೀರೆಂದು ಅಮ್ಮ ಫೋನಿನಲ್ಲಿ ಹೇಳಿದಳು. ಅಂಚೆಚೀಟಿಗಳನ್ನೆಲ್ಲ ಕತ್ತರಿಸಿ ಪಕ್ಕದ ಮನೆಯ ಹುಡುಗನಿಗೆ ಕೊಟ್ಟು, ಉಳಿದದ್ದನ್ನು ಬಚ್ಚಲೊಲೆಗೆ ಹಾಕುವುದೆಂದು ತೀರ್ಮಾನವಾಗಿದೆಯಂತೆ. ಬೇಡವೆಂದು ಆಗಲೇ ಗೋಗರೆದೆ. ಯಾಕೆ ಬೇಡ ಎಂಬುದನ್ನು ಮಾತ್ರ ಬರೆದೇ ಹೇಳಬೇಕು.

ಮೂರು ವರ್ಷಗಳಿಂದ ನಾನು ಅಮೆರಿಕದ ಅಂತರ್ಯುದ್ಧದ ಕಾಲದ ಲಕೋಟೆಗಳ ಬೆನ್ನು ಹತ್ತಿದ್ದೇನೆಂದು ನಿಮಗೆ ಗೊತ್ತು. 1861ರಲ್ಲಿ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದು ಬೇರೆ ಸರ್ಕಾರ ಕಟ್ಟಿಕೊಂಡವು; ಕೆಲವೇ ತಿಂಗಳಲ್ಲಿ ಈ ರಿಚ್ಮಂಡ್ ಅದರ ರಾಜಧಾನಿಯಾಯಿತು. ಟೆಕ್ಸಸ್‌ನ ಜಾನ್ ರೀಗನ್ ಅದರ ಅಂಚೆ ಇಲಾಖೆಯ ಮುಖ್ಯಸ್ಥ. ಜೂನ್ 1ರಂದು ಅವನು ದಕ್ಷಿಣದ ಅಂಚೆಯನ್ನೆಲ್ಲ ವಹಿಸಿಕೊಂಡ. ಕಚೇರಿಗಳಿದ್ದವು, ನೌಕರರಿದ್ದರು, ಚೀಲಗಳಿದ್ದವು. ಅಂಚೆಚೀಟಿ ಮಾತ್ರ ಇರಲಿಲ್ಲ. ದಕ್ಷಿಣದಲ್ಲಿ ಉಳಿದುಹೋದ ದಾಸ್ತಾನು ಶತ್ರುವಿನ ಕೈಯಲ್ಲಿ ಹಣವಾಗಬಾರದೆಂದು ಉತ್ತರದ ವಾಷಿಂಗ್ಟನ್ ಸರ್ಕಾರ ಆ ವರ್ಷವೇ ತನ್ನ ಹಳೆಯ ಚೀಟಿಗಳನ್ನು ರದ್ದು ಮಾಡಿತು. ಹೊಸ ಸರ್ಕಾರದ ಮೊದಲ ಚೀಟಿ, ಅದರ ಅಧ್ಯಕ್ಷ ಜೆಫರ್ಸನ್ ಡೇವಿಸ್‌ನ ಮುಖವಿರುವ ಐದು ಸೆಂಟಿನ ಹಸಿರು ಚೀಟಿ, ಇದೇ ಊರಿನ ಹೋಯರ್ ಅಂಡ್ ಲುಡ್ವಿಗ್ ಮುದ್ರಣಾಲಯದಲ್ಲಿ ಕಲ್ಲಚ್ಚಿನಲ್ಲಿ ತಯಾರಾಗಿ ಹೊರಬಂದದ್ದು ಅಕ್ಟೋಬರ್ 16ರಂದು. ಇವತ್ತಿನ ದಿನ.

ನಡುವಿನ ಆ ನಾಲ್ಕೂವರೆ ತಿಂಗಳು ನಿಮ್ಮಂಥ ಅಂಚೆಯವರ ಕಾಲ, ಅಪ್ಪ. ಐನೂರು ಮೈಲಿಯೊಳಗೆ ಐದು ಸೆಂಟು, ಅದರಾಚೆಗೆ ಹತ್ತು. ಚೀಟಿ ಇಲ್ಲದ ಮೇಲೆ ಪ್ರತಿಯೊಬ್ಬರೂ ಕಿಟಕಿಯ ಮುಂದೆ ನಿಂತು ನಗದು ಕೊಡಬೇಕು, ಪೋಸ್ಟ್‌ಮಾಸ್ಟರ್ ಒಂದೊಂದು ಲಕೋಟೆಯ ಮೇಲೂ ಹಣ ಸಂದಿದೆಯೆಂದು ಬರೆಯಬೇಕು. ಯುದ್ಧವೆಂದರೆ ಮೊದಲು ಮಾಯವಾಗುವುದು ಚಿಲ್ಲರೆ. ಚಿಲ್ಲರೆಗಾಗಿ ಜನರೊಡನೆ ನೀವು ಪಡುತ್ತಿದ್ದ ಪಾಡನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಹಾಗಾಗಿ ಹಲವು ಊರುಗಳ ಪೋಸ್ಟ್‌ಮಾಸ್ಟರರು ಮೇಲಿನವರಿಗಾಗಿ ಕಾಯದೆ, ಕೈಗೆ ಸಿಕ್ಕ ಅಚ್ಚುಮೊಳೆಗಳಲ್ಲೋ ಮರದ ಅಚ್ಚಿನಲ್ಲೋ ತಮ್ಮದೇ ಚೀಟಿ ಮಾಡಿಸಿಕೊಂಡರು. ಇಲ್ಲಿನ ಸಂಗ್ರಾಹಕರು ಇವನ್ನು ಪೋಸ್ಟ್‌ಮಾಸ್ಟರರ ಪ್ರಾವಿಷನಲ್, ಅಂದರೆ ತಾತ್ಕಾಲಿಕ ಚೀಟಿ, ಎನ್ನುತ್ತಾರೆ. ನ್ಯೂ ಆರ್ಲಿಯನ್ಸ್‌ನ ಜಾನ್ ರಿಡೆಲ್ ಎರಡು ಕಣ್ಣಿನಿಂದಲೂ ನೋಡಬಹುದಾದ ಸೂಕ್ಷ್ಮದರ್ಶಕ ರೂಪಿಸಿದ ರಸಾಯನಶಾಸ್ತ್ರಜ್ಞ. ಅವನೇ ಅಲ್ಲಿನ ಪೋಸ್ಟ್‌ಮಾಸ್ಟರ್ ಕೂಡ. ಚೀಟಿಯ ಮೇಲೆ ತನ್ನ ಹೆಸರನ್ನೇ ಹಾಕಿಸಿದ. ಟೆಕ್ಸಸ್‌ನ ಗೋಲಿಯಾಡ್‌ನಲ್ಲಿ ಅಚ್ಚುಮೊಳೆ ಜೋಡಿಸಿದವರ ಕೈತಪ್ಪಿ ಒಂದು ಚೀಟಿಯಲ್ಲಿ ಊರಿನ ಹೆಸರಿನ ಎರಡು ಅಕ್ಷರಗಳೇ ಅದಲುಬದಲಾಗಿವೆ. ಬ್ಯಾಟನ್ ರೂಜ್‌ನಲ್ಲಿ ಮೆಕಾರ್ಮಿಕ್ ಎಂಬ ಪೋಸ್ಟ್‌ಮಾಸ್ಟರನ ಸ್ವಂತ ಹೆಸರೇ ತಪ್ಪಾಗಿದೆ. ಇಂಥ ಚೀಟಿ ಮಾರಿದ ಕಚೇರಿಯಲ್ಲಲ್ಲದೆ ಬೇರೆಲ್ಲೂ ನಡೆಯುತ್ತಿರಲಿಲ್ಲ. ಅದರ ಹಿಂದೆ ಇದ್ದದ್ದು ಸರ್ಕಾರದ ಮುದ್ರೆಗಿಂತ ಹೆಚ್ಚಾಗಿ ಆ ಒಬ್ಬ ಮನುಷ್ಯನ ಮಾತು. ಇದನ್ನು ಓದುವಾಗಲೆಲ್ಲ ನಿಮ್ಮ ನೆನಪಾಗುತ್ತದೆ.

ಲೂಸಿಯಾನಾದ ಮೌಂಟ್ ಲೆಬನಾನ್ ಎಂಬ ಸಣ್ಣ ಊರಿನಲ್ಲಿ ಮರದ ಅಚ್ಚು ಕೆತ್ತಿದವರು ಅಕ್ಷರಗಳನ್ನು ತಿರುಗಿಸಿ ಕೆತ್ತಬೇಕೆಂಬುದನ್ನು ಮರೆತಿದ್ದರು. ಒತ್ತಿದಾಗ ಊರಿನ ಹೆಸರು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬಂತು. ಚೀಟಿ ಹಾಗೆಯೇ ಮಾರಾಟವಾಯಿತು, ಕಾಗದ ಹಾಗೆಯೇ ಹೋಯಿತು. ಇಂದು ಜಗತ್ತಿನಲ್ಲಿ ಆ ಚೀಟಿ ಉಳಿದಿರುವುದು ಒಂದೇ ಒಂದು, ಅದೂ ಅಂಟಿಸಿದ ಲಕೋಟೆಯ ಮೇಲೆಯೇ. ಯಾರೋ ಆ ಲಕೋಟೆಯನ್ನು ಒಲೆಗೆ ಹಾಕಲಿಲ್ಲ, ಕತ್ತರಿಯನ್ನೂ ಮುಟ್ಟಿಸಲಿಲ್ಲ. ಕತ್ತರಿಸಿದ್ದರೆ ನಮ್ಮ ಕೈಗೆ ಸಿಗುತ್ತಿದ್ದದ್ದು ಒರಟಾದ ಕೆಂಗಂದು ಕಾಗದದ ಚೂರು. ಅದು ಅಂಚೆಚೀಟಿಯೆಂದು ನಂಬುವುದಕ್ಕೂ ಆಧಾರ ಇರುತ್ತಿರಲಿಲ್ಲ.

ಈ ಪಾಠವನ್ನು ನಾನು ಹಣ ತೆತ್ತು ಕಲಿತೆ. ಹೋದ ವರ್ಷ ಮೆಂಫಿಸ್ ಊರಿನ ಐದು ಸೆಂಟಿನ ಕೆಂಪು ಚೀಟಿಯಿದ್ದ ಲಕೋಟೆಯೊಂದನ್ನು ಒಬ್ಬ ವ್ಯಾಪಾರಿಯಿಂದ ಕೊಂಡಿದ್ದೆ. ಎರಡು ತಿಂಗಳ ಉಳಿತಾಯ ಅದಕ್ಕೆ ಹೋಗಿತ್ತು. ತಜ್ಞರಿಗೆ ಕಳುಹಿಸಿದರೆ ನಕಲಿಯೆಂದು ಹಿಂದಿರುಗಿತು. ಠಸ್ಸೆಯ ಶಾಯಿ ಚೀಟಿಯ ಅಂಚಿನವರೆಗೆ ಬಂದು ಅಲ್ಲೇ ನಿಂತಿತ್ತು. ನಿಜವಾಗಿ ಅಂಚೆಯಲ್ಲಿ ಒತ್ತಿದ ಠಸ್ಸೆಯಾಗಿದ್ದರೆ ಅದರ ಗೆರೆ ಚೀಟಿಯಿಂದ ಲಕೋಟೆಯ ಮೇಲಕ್ಕೆ ತಡೆಯಿಲ್ಲದೆ ಸಾಗಿರಬೇಕು. ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಆರನೆಯ ತರಗತಿಯಲ್ಲಿದ್ದಾಗ ಇಬ್ಬರೂ ಕುಳಿತು ಬೋಗುಣಿಯಲ್ಲಿ ನೆನೆಸಿ ಬಿಡಿಸಿದ ಚೀಟಿಗಳು ನೆನಪಾದವು. ಎಷ್ಟು ಊರುಗಳ ಠಸ್ಸೆಗಳನ್ನು ನಾವು ನೀರಿಗೆ ಬಿಟ್ಟೆವೋ!

ಒಂದು ವಿಷಯ ನನ್ನನ್ನು ಕೊರೆಯುತ್ತದೆ, ನಿಮಗಲ್ಲದೆ ಬೇರಾರಿಗೂ ಹೇಳಿಲ್ಲ. ಈ ಚೀಟಿಗಳು ಸೇವೆ ಮಾಡಿದ ಸರ್ಕಾರ ಹುಟ್ಟಿದ್ದು ಗುಲಾಮಗಿರಿಯನ್ನು ಉಳಿಸಿಕೊಳ್ಳುವುದಕ್ಕಾಗಿ. ನನ್ನ ಕಚೇರಿಯಿಂದ ಸ್ವಲ್ಪ ದೂರದ ಶಾಕೋ ಬಾಟಮ್ ಎಂಬಲ್ಲಿ ತಾಯಿಯನ್ನೂ ಮಗುವನ್ನೂ ಬೇರೆ ಬೇರೆಯಾಗಿ ಹರಾಜು ಹಾಕುತ್ತಿದ್ದರು. ಮಾರಾಟವಾದವರಿಗೆ ಓದುಬರಹ ಕಲಿಸಲು ಜನ ಸೇರುವುದನ್ನು ಕಾನೂನು ನಿಷೇಧಿಸಿತ್ತು. ಆದ್ದರಿಂದ ನನ್ನ ಆಲ್ಬಮ್ಮಿನಲ್ಲಿ ಅವರ ಕೈಬರಹದ ಒಂದೂ ಲಕೋಟೆಯಿಲ್ಲ. ಮೊದಲ ಪುಟವನ್ನು ಅವರಿಗಾಗಿ ಖಾಲಿ ಬಿಟ್ಟಿದ್ದೇನೆ. ಎರಡನೆಯ ಪುಟದಲ್ಲಿ ಗೋಡೆಗೆ ಅಂಟಿಸುವ ಹೂಬಳ್ಳಿಯ ಕಾಗದವನ್ನೇ ಮಡಿಸಿ ಮಾಡಿದ ಲಕೋಟೆಯಿದೆ. ಯುದ್ಧ ಬೆಳೆದಂತೆ ದಕ್ಷಿಣದಲ್ಲಿ ಬರೆಯುವ ಕಾಗದವೂ ಸಿಗುತ್ತಿರಲಿಲ್ಲ.

ಈಗ ಟ್ರಂಕಿನ ಮಾತು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರು ಬಂದಾಗ, ನವೆಂಬರ್ 15ರಿಂದ ನಮ್ಮ ಅಂಚೆಗೆ ಐದು ಪೈಸೆ ಹೆಚ್ಚುವರಿ ಸುಂಕ ಬಂತು. ಅದಕ್ಕೆಂದೇ ಮಾಡಿದ ಚೀಟಿ ಎಲ್ಲ ಕಡೆ ತಲುಪಲು ಸಮಯ ಹಿಡಿಯಿತು. ಅಷ್ಟರಲ್ಲಿ ಕುಟುಂಬ ಯೋಜನೆಯ ಐದು ಪೈಸೆ ಚೀಟಿಯ ಮೇಲೆಯೇ ‘ರೆಫ್ಯೂಜಿ ರಿಲೀಫ್’ ಎಂದು ಮುದ್ರಿಸಿ ಮಾರಿದರು. ಬೆಂಗಳೂರಿನಲ್ಲೂ ಹಾಗೆ ಮುದ್ರಿಸಿದ್ದುಂಟು. ಎಷ್ಟೋ ಕಚೇರಿಗಳಲ್ಲಿ ರಬ್ಬರ್ ಠಸ್ಸೆಯನ್ನೇ ಒತ್ತಿದರು. ಆಗ ನೀವು ಶಿರಸಿಯಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿತ್ತಷ್ಟೆ. ಒಂದು ಸಂಜೆ ಕೈಬೆರಳೆಲ್ಲ ಶಾಯಿ ಮಾಡಿಕೊಂಡು ಬಂದಿರೆಂದು ಅಜ್ಜಿ ಹೇಳುತ್ತಿದ್ದಳು. ಅದು ಈ ಠಸ್ಸೆಯದೇ ಶಾಯಿಯೇ? ಒತ್ತಿದವರು ನೀವೇ? ರಬ್ಬರ್ ಅಕ್ಷರಗಳನ್ನು ಯಾರು ಕೆತ್ತಿಕೊಟ್ಟರು, ಶಾಯಿ ಕಪ್ಪೋ ನೇರಳೆಯೋ?

ಟ್ರಂಕಿನಲ್ಲಿ ಆ ಚಳಿಗಾಲದ ಲಕೋಟೆಗಳಿದ್ದರೆ ಬೇರೆ ತೆಗೆದಿಡಿ. ಬಿಸಿಲಿಗೆ ಹಾಕಬೇಡಿ, ಅಂಟುಪಟ್ಟಿ ಹಚ್ಚಬೇಡಿ. ಹುಡುಗನಿಗೆ ನಾನು ಇಲ್ಲಿಂದ ಚೀಟಿ ಕಳುಹಿಸುತ್ತೇನೆ. ಉತ್ತರವನ್ನು ಫೋನಿನಲ್ಲಿ ಹೇಳದೆ ನಿಮ್ಮ ಕೈಯಿಂದಲೇ ಬರೆಯಿರಿ, ಕಚೇರಿಯ ಹೆಸರು ಮತ್ತು ದಿನಾಂಕದ ಸಮೇತ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗಳು