ಸಾವಿಲ್ಲದವನ ಕಥೆ ಬರೆಯುತ್ತಿರುವವರಿಗೆ

ಪ್ರಿಯರೇ,

ನಿಮ್ಮ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಜೊತೆಗಿದ್ದ ಪತ್ರದಲ್ಲಿ ಇದನ್ನು ಸುಟ್ಟುಬಿಡಲೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಅಧ್ಯಾಯಗಳು ಎಷ್ಟು ಉದ್ದವಿರಬೇಕು, ರಹಸ್ಯವನ್ನು ಎಲ್ಲಿ ಒಡೆಯಬೇಕು ಎಂಬುದೆಲ್ಲ ನಾಲ್ಕು ಒಳ್ಳೆಯ ಪತ್ತೇದಾರಿ ಕಾದಂಬರಿಗಳನ್ನು ಓದಿದರೆ ತಾನಾಗಿ ತಿಳಿಯುತ್ತದೆ. ಅದಕ್ಕೆ ನಾನು ಬೇಕಿಲ್ಲ. ನಾನು ಕೇಳಬೇಕೆಂದಿರುವುದು ಒಂದೇ: ನಿಮ್ಮ ಕಥೆಯ ಗುರುಗಳು ನಂಬುವುದನ್ನು ನೀವು ನಂಬುತ್ತೀರಾ? ನಂಬದಿದ್ದರೂ ಅಡ್ಡಿಯಿಲ್ಲ, ಆದರೆ ಆ ನಂಬಿಕೆಯ ಎದುರು ಒಮ್ಮೆಯಾದರೂ ನಿಂತು ನೋಡಿದ್ದೀರಾ? ನಿಮ್ಮ ಪುಟಗಳಲ್ಲಿ ಮಂತ್ರವೆಂದರೆ ಬೀಗದ ಕೈ, ದೇಗುಲವೆಂದರೆ ನೆಲಮಾಳಿಗೆಗೆ ಇಳಿಯುವ ದಾರಿ. ಯಾರೊಬ್ಬರೂ ದೇವರನ್ನು ಏನನ್ನೂ ಕೇಳುವುದಿಲ್ಲ.

ಹಳಬರು ಅಮರತ್ವದ ವಿಷಯವನ್ನು ಇಷ್ಟು ಹಗುರವಾಗಿ ಎತ್ತಿಕೊಳ್ಳಲಿಲ್ಲ. ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಬೇಕಾದಷ್ಟು ವರ್ಷ ಬದುಕು ಎನ್ನುತ್ತಾನೆ. ಸಾವಿನ ಆಚೆ ಏನಿದೆ ಎಂದು ಕೇಳಿದ್ದ ಹುಡುಗ ಆ ದೀರ್ಘಾಯುಷ್ಯವನ್ನು ಮುಟ್ಟುವುದಿಲ್ಲ. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮನಿಗೆ 3,000 ವರ್ಷಗಳ ಅಲೆದಾಟ ಶಾಪವಾಗಿ ಬರುತ್ತದೆ. ಇನ್ನು ಸಿದ್ಧಯೋಗಿ ಗೋರಕ್ಷ: ವಜ್ರಕಾಯವನ್ನು, ಅಂದರೆ ಯಾವುದಕ್ಕೂ ನಾಶವಾಗದ ದೇಹವನ್ನು, ಸಾಧಿಸಿದ ಅವನ ಮೈಗೆ ಕತ್ತಿ ತಾಗಿದರೆ ಖಣಿಲೆಂದಿತು, ವಚನಕಾರ ಅಲ್ಲಮನ ಮೈಯಲ್ಲಿ ಅದು ಬಯಲಿನಲ್ಲಿ ಬೀಸಿದಂತೆ ಹಾದುಹೋಯಿತು. ಗೋರಕ್ಷನನ್ನು ಸೋಲಿಸಿದ್ದು ಆ ಶಬ್ದ. ಅಮರತ್ವದ ಬಗ್ಗೆ ಇದಕ್ಕಿಂತ ರೋಚಕವಾದ ದೃಶ್ಯವನ್ನು ನಾನು ಓದಿಲ್ಲ.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ನನ್ನ ಎರಡನೆಯ ಕಾದಂಬರಿಯಲ್ಲಿ ಒಬ್ಬ ಸನ್ಯಾಸಿಯನ್ನು ಕೊನೆಗೆ ಕಪಟಿಯನ್ನಾಗಿ ಮಾಡಿದೆ. ಕಥೆಗೆ ತಿರುವು ಬೇಕಿತ್ತು, ಅಷ್ಟೇ. ಆ ಪಾತ್ರದ ಮಾತು, ನಡೆ, ಮೌನಗಳನ್ನೆಲ್ಲ ನಾನು ತೆಗೆದುಕೊಂಡದ್ದು ನನಗೆ ಓದು ಕಲಿಸಿದ, ನಿಜಕ್ಕೂ ನಂಬಿ ಬದುಕಿದ ಹಿರಿಯರೊಬ್ಬರಿಂದ. ಓದುಗರು ಆ ತಿರುವನ್ನು ಹಾಡಿ ಹೊಗಳಿದರು. ಆ ಹಿರಿಯರು ಮಾತ್ರ ಪುಸ್ತಕವನ್ನು ಹಿಂದಿರುಗಿಸಿದರು. ಸನ್ಯಾಸಿಯ ಬಣ್ಣ ಬಯಲಾಗುವ ಪುಟದ ಮೂಲೆ ಮಡಚಿತ್ತು, ಒಳಗೆ ಒಂದು ಸಾಲೂ ಇರಲಿಲ್ಲ. ಹೋಗಿ ಕ್ಷಮೆ ಕೇಳಬೇಕೆಂದು ದಿನ ದೂಡಿದೆ, ಅಷ್ಟರಲ್ಲಿ ಅವರು ತೀರಿಕೊಂಡರು. ಆ ಹೊಗಳಿಕೆಯ ಪತ್ರಗಳನ್ನು ನಾನು ಮತ್ತೆ ತೆರೆದು ನೋಡಲಿಲ್ಲ.

ನಿಮಗೆ ಹಾಗಾಗಬಾರದು, ಏಕೆಂದರೆ ನಿಮ್ಮ ಕೈಯಲ್ಲಿ ಸತ್ಯವಿದೆ. 211ನೆಯ ಪುಟದಲ್ಲಿ, ಮೂವತ್ತರಲ್ಲೇ ವಯಸ್ಸು ನಿಂತುಹೋದ ಅಪ್ಪ ಎಂಬತ್ತು ದಾಟಿದ ಮಗಳ ತಲೆ ಬಾಚುತ್ತಾನೆ. ಬಾಚಣಿಗೆಗೆ ಸಿಕ್ಕ ಬಿಳಿಕೂದಲನ್ನು ಅವಳಿಗೆ ಕಾಣದಂತೆ ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಓದುತ್ತ ನನ್ನ ಕಣ್ಣು ತುಂಬಿತು. ಅದನ್ನು ಅರ್ಧ ಪುಟದಲ್ಲಿ ಮುಗಿಸಿ ಕಾರುಗಳ ಬೆನ್ನು ಹತ್ತಿ ಓಡಿದ್ದೀರಲ್ಲ, ಏನು ಅವಸರವಿತ್ತು ನಿಮಗೆ? ಆ ರಾತ್ರಿ ಅವನು ಪ್ರಾರ್ಥಿಸಿದನೇ? ಏನೆಂದು? ತನಗೂ ಸಾವು ಕೊಡು ಎಂದೇ, ಮಗಳಿಗೆ ಕೊಡಬೇಡ ಎಂದೇ? ನಿಮಗೆ ಗೊತ್ತಿಲ್ಲದಿದ್ದರೆ ಅವನಿಗೂ ಗೊತ್ತಿಲ್ಲದಿರಲಿ, ಆದರೆ ಅವನು ಅಲ್ಲೇ ಕುಳಿತಿರಲಿ. ಕೊಲೆಗಾರ ಬಾಗಿಲಲ್ಲಿ ಕಾಯುತ್ತಾನೆ, ಓದುಗರೂ ಕಾಯುತ್ತಾರೆ.

ಮೊದಲು ಆ ಅಧ್ಯಾಯವನ್ನು ಮತ್ತೆ ಬರೆಯಿರಿ. ಅದೊಂದನ್ನೇ ನನಗೆ ಕಳುಹಿಸಿ.

ಇತಿ,
ನಿಮ್ಮ ವಿಶ್ವಾಸಿ