ರಿಪೋರ್ಟನ್ನು ಇನ್ನೊಮ್ಮೆ ನೋಡಿದವರಿಗೆ

ಹೋದ ವಾರ ಮಗಳ ರಕ್ತದ ಕ್ಯಾನ್ಸರಿನ ಕೀಮೋ ಮಾತ್ರೆ ಮುಗಿಯಿತು. ತಪಾಸಣೆಗೆ ಇನ್ನೂ ಕೆಲವು ವರ್ಷ ಹೋಗುತ್ತಿರಬೇಕು. ಗಂಗಾವತಿಯಲ್ಲಿ ಎದುರು ಸಿಕ್ಕವರೆಲ್ಲ 'ಕಿದ್ವಾಯಿ ಡಾಕ್ಟರು ದೇವರು ಬಿಡ್ರಿ' ಅನ್ನುತ್ತಾರೆ. ಖರೆ, ಅವರ ಋಣ ದೊಡ್ಡದು. ಆದರೆ ನಮ್ಮನ್ನು ಬೆಂಗಳೂರಿನ ಆ ಕ್ಯಾನ್ಸರ್ ಆಸ್ಪತ್ರೆವರೆಗೆ ಮುಟ್ಟಿಸಿದವರನ್ನು ಯಾರೂ ನೆನೆಯುವುದಿಲ್ಲ. ಈ ಬರಹ ಅವರಿಗೆ.

ಶುರುವಾಗಿದ್ದು ಜ್ವರದಿಂದ. ಬಿಟ್ಟು ಬಿಟ್ಟು ಬರುತ್ತಿತ್ತು. ಒಂದು ಕಡೆ ವೈಡಾಲ್ ರಕ್ತಪರೀಕ್ಷೆ ಮಾಡಿಸಿ ಟೈಫಾಯ್ಡ್ ಅಂದರು. ಕೋರ್ಸ್ ಮುಗಿಯಿತು, ಜ್ವರ ಮತ್ತೆ ಬಂತು. ಕಾಲು ನೋವು ಅಂತ ರಾತ್ರಿ ಎದ್ದು ಅಳುತ್ತಿದ್ದಳು. ಬೆಳೆಯುವ ಮಕ್ಕಳಿಗೆ ಅದೆಲ್ಲ ಇದ್ದದ್ದೇ ಅಂದರು. ಮುಖ ಬಿಳುಚಿದ್ದಕ್ಕೆ ಟಾನಿಕ್. ಅತ್ತೆ ದೃಷ್ಟಿ ತೆಗೆದರು, ಹುಲಿಗೆಮ್ಮನಿಗೆ ಹರಕೆ ಹೊತ್ತರು. (ಹರಕೆ ತೀರಿಸಿಯೂ ಬಂದಿದ್ದೇವೆ. ಅದರಲ್ಲಿ ನನ್ನದೇನೂ ತಕರಾರಿಲ್ಲ.) ಒಂದೊಂದು ತೊಂದರೆಗೂ ಒಂದೊಂದು ಔಷಧಿ ಸಿಕ್ಕಿತು. ಎಲ್ಲವನ್ನೂ ಜೋಡಿಸಿ ನೋಡಿದವರು ಮಾತ್ರ ಇರಲಿಲ್ಲ.

ಮೊದಲು ಅನುಮಾನ ಪಟ್ಟವರು ಮಗಳ ಟೀಚರ್. 'ಬಿದ್ದಿಲ್ಲ, ಬಡಿದಿಲ್ಲ, ಮೀನಖಂಡದ ಮೇಲೆ ಇಷ್ಟು ನೀಲಿ ಕಲೆ ಯಾಕೆ? ಬೇರೆ ಡಾಕ್ಟರಿಗೆ ತೋರಿಸಿ' ಅಂದರು. ಟೀಚರ್, ನೀವು ಅಂದೇ ಫೋನ್ ಮಾಡಿದ್ದಕ್ಕೆ ಥ್ಯಾಂಕ್ಸ್.

ಆಮೇಲೆ ಮಕ್ಕಳ ಡಾಕ್ಟರು. ಮಂಡಿ ಊದಿತ್ತು, ನೋವಿಗೆ ಏನಾದರೂ ಇಂಜೆಕ್ಷನ್ ಕೊಡಿ ಅಂತ ನಾನು ಗೋಗರೆದೆ. ಅವರು ಒಪ್ಪಲಿಲ್ಲ. 'ಸ್ಟೆರಾಯ್ಡ್ ಕೊಟ್ಟರೆ ಎರಡು ದಿನದಲ್ಲಿ ಓಡಾಡ್ತಾಳೆ, ಆದರೆ ಒಳಗಿನ ಕಾಯಿಲೆ ಮುಚ್ಚಿಹೋಗುತ್ತೆ. ಮೊದಲು ರಕ್ತ ನೋಡೋಣ' ಅಂದರು. ಆ ಹೊತ್ತಿಗೆ ನನಗೆ ಸಿಟ್ಟೇ ಬಂದಿತ್ತು. ರಕ್ತದ ಕ್ಯಾನ್ಸರ್ ಇರುವ ಮಗುವಿಗೆ ಪರೀಕ್ಷೆಗೆ ಮುಂಚೆ ಸ್ಟೆರಾಯ್ಡ್ ಬಿದ್ದರೆ ಕೆಟ್ಟ ಕಣಗಳು ಸ್ವಲ್ಪ ಕಾಲ ಅಡಗಿ, ರೋಗ ಹಿಡಿಯುವುದೇ ತಡವಾಗಬಹುದಂತೆ. ಇದು ಗೊತ್ತಾಗಿದ್ದು ಕಿದ್ವಾಯಿಯಲ್ಲಿ.

ಇನ್ನು ಲ್ಯಾಬಿನ ಹುಡುಗ. ಊರಲ್ಲಿ ಡೆಂಗ್ಯೂ ಜಾಸ್ತಿ ಇದ್ದ ದಿನಗಳು. ಪ್ಲೇಟ್‌ಲೆಟ್ ಕಡಿಮೆ ಬಂದರೆ ಎಲ್ಲರೂ ಡೆಂಗ್ಯೂ ಅಂತಲೇ ಅನ್ನುತ್ತಿದ್ದರು. ಮಿಷನ್ನಿಂದ ಬಂದ ಚೀಟಿಯನ್ನು ಅವನು ಸುಮ್ನೆ ಕೈಗಿಟ್ಟು ಕಳಿಸಬಹುದಿತ್ತು, ಅಲ್ವಾ? ಕೊಡಲಿಲ್ಲ. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಸವರಿದ, ಬಣ್ಣ ಹಾಕಿ ಒಣಗಿಸಿದ, ಮೈಕ್ರೋಸ್ಕೋಪ್ ಮುಂದೆ ಕೂತ. ಬಹಳ ಹೊತ್ತು ಏಳಲಿಲ್ಲ. ಎದ್ದವನು ನೇರ ಹೊರಗೆ ಹೋಗಿ ಫೋನ್ ಮಾಡಿ ಬಂದ. 'ಅಕ್ಕಾ, ಡಾಕ್ಟರ್ ಬರ್ತಿದಾರೆ. ನಿಮ್ಮ ಊಟ ಆಯ್ತಾ?' ಅಂದ. ರೋಗದ ಹೆಸರು ಅವನ ಬಾಯಿಂದ ಬರಲಿಲ್ಲ. ಬಲಿಯದ ಬಿಳಿ ಕಣಗಳನ್ನು, ಬ್ಲಾಸ್ಟ್ ಅನ್ನುತ್ತಾರಲ್ಲ, ಅವನ್ನು ಅವನು ಕಂಡಿದ್ದ.

ಡಾಕ್ಟರು ಬಂದು ಅರ್ಥವಾಗುವ ಹಾಗೆ ಹೇಳಿದರು. ಡೆಂಗ್ಯೂ ಜೋರಾದರೆ ರಕ್ತ ಮಂದವಾಗುತ್ತದೆ, ಹಿಮೋಗ್ಲೋಬಿನ್ ಏರುವುದೇ ಹೆಚ್ಚು. ಇವಳಿಗೆ ಹಿಮೋಗ್ಲೋಬಿನ್ನೂ ಇಳಿದಿದೆ, ಪ್ಲೇಟ್‌ಲೆಟ್ಟೂ ಇಳಿದಿದೆ, ಬಿಳಿ ಕಣ ಮಾತ್ರ ಏರಿದೆ. 'ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಇರಬಹುದು. ಮಕ್ಕಳಲ್ಲಿ ಇದು ವಾಸಿಯಾಗುವಂಥದ್ದು. ಇವತ್ತೇ ಹೊರಡಿ.' ಪತ್ರ ಬರೆದುಕೊಟ್ಟರು. ರಾತ್ರಿ ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು. ಮೂಳೆ ಮಜ್ಜೆ ಪರೀಕ್ಷೆಯಲ್ಲಿ ಎಎಲ್‌ಎಲ್ (ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ) ಅನ್ನುವ ಬಗೆಯದು ಅಂತ ಖಾತ್ರಿಯಾಯಿತು. ಮಕ್ಕಳ ಕ್ಯಾನ್ಸರಲ್ಲಿ ಹೆಚ್ಚು ಕಾಣುವುದು ಇದೇ.

ಪ್ಲೇಟ್‌ಲೆಟ್ ಕೊಟ್ಟ ನಮ್ಮ ಕಡೆಯ ಹುಡುಗರಿಗೂ ಕೈ ಮುಗಿಯುತ್ತೇನೆ. ಅದನ್ನು 5 ದಿನಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ, ಹಾಗಾಗಿ ಮತ್ತೆ ಮತ್ತೆ ಜನ ಬೇಕು. ಬೆಂಗಳೂರಲ್ಲಿ ಓದುವ ರಾಯಚೂರು, ಕೊಪ್ಪಳದ ಮಕ್ಕಳು ಪರೀಕ್ಷೆ ಹಿಂದಿನ ದಿನವೂ ಬಂದಿದ್ದಾರೆ.

ಯಾರಾದರೂ ಮೊದಲ ಸಲ ಮಗುವನ್ನು ಕರೆದುಕೊಂಡು ಹೊರಟಿದ್ದರೆ ನನಗೆ ಮೆಸೇಜ್ ಮಾಡಿ. ಮೊದಲ ಭೇಟಿಯಲ್ಲೇ ರೈಲಿನ ರಿಯಾಯಿತಿ ಫಾರಂಗೆ ಆಸ್ಪತ್ರೆಯಲ್ಲಿ ಸಹಿ ಹಾಕಿಸಿಕೊಳ್ಳಿ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗಿರುವ ಒಬ್ಬರಿಗೆ ಶೇ 75 ರಿಯಾಯಿತಿ. ನಮಗೆ ಇದನ್ನು ಹೇಳಿದ್ದು ಪಕ್ಕದ ಬೆಡ್ಡಿನ ಸಿರುಗುಪ್ಪದ ಅಮ್ಮ. ಅವರಿಗೂ ಥ್ಯಾಂಕ್ಸ್.