ಜೀಪಿಗೆ ರೇಡಿಯೋ ಹಾಕಿಸುವ ಮೊದಲು

ಮಾನ್ಯ ಸಂಪಾದಕರೇ,

ಮಳೆ ಬಿಟ್ಟಿತು. ನಮ್ಮ ಕಾಸರಗೋಡಿನ ಜೀಪುಗಳು ಇನ್ನು ರಾಣಿಪುರಂ ಕಡೆಗೆ, ಪಾಣತ್ತೂರಿನಿಂದ ಕರಿಕೆ ದಾಟಿ ಭಾಗಮಂಡಲಕ್ಕೆ ಅಂತ ಹೊರಡುತ್ತವೆ. ಆ ಮಾರ್ಗದಲ್ಲಿ ಹೋದವರಿಗೆ ಗೊತ್ತು, ಒಂದು ತಿರುವು ದಾಟಿದರೆ ಫೋನಿಗೆ ಸಿಗ್ನಲ್ ಇರುವುದಿಲ್ಲ, ಹಿಂದಿನ ಗಾಡಿ ಬರುತ್ತಾ ಇದೆಯೋ ಕೆಟ್ಟು ನಿಂತಿದೆಯೋ ತಿಳಿಯುವುದಿಲ್ಲ. ಅದಕ್ಕೇ ಈಗ ಹುಡುಗರು ಗಾಡಿಗೆ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿಗಳು ತಮ್ಮೊಳಗೆ ಮಾತಾಡಿಕೊಳ್ಳುವ ರೇಡಿಯೋ ಸೆಟ್, ಹಾಕಿಸಲು ಓಡಾಡುತ್ತಿದ್ದಾರೆ. ಖುಷಿಯ ವಿಷಯ. ಆದರೆ ಎಲ್ಲರೂ ಮೊದಲು ಕೇಳುವುದು ಒಂದೇ, "ಎಷ್ಟು ವಾಟ್?" ಅಲ್ಲಿಂದ ಶುರು ಮಾಡಿದರೆ ದುಡ್ಡು ದಂಡ.

ಕೈಯಲ್ಲಿ ಹಿಡಿಯುವ ಸೆಟ್ ಸಾಮಾನ್ಯವಾಗಿ 5 ವಾಟ್, ಗಾಡಿಗೆ ಕೂರಿಸುವುದು 50. ಹತ್ತು ಪಟ್ಟು ಹೌದು, ಆದರೆ ಹತ್ತು ಪಟ್ಟು ದೂರ ಕೇಳುವುದಿಲ್ಲ. ನಾವು ಬಳಸುವ 144ರಿಂದ 146 ಮೆಗಾಹರ್ಟ್ಸ್‌ನ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ. ಪೊಸಡಿಗುಂಪೆ ಗುಡ್ಡೆಯ ನೆತ್ತಿಯಲ್ಲಿ ನಿಂತರೆ 5 ವಾಟ್ ಸಾಕು, ತೋಡಿನ ಬದಿಯಲ್ಲಿ ಸಿಕ್ಕಿಬಿದ್ದರೆ 50 ವಾಟ್ ಇದ್ದರೂ ಗುಡ್ಡೆಯ ಆಚೆಯವರಿಗೆ ಕೇಳಿಸದೆ ಹೋಗಬಹುದು.

ಹಾಗಾಗಿ ಮೊದಲು ನೋಡಬೇಕಾದದ್ದು ಆಂಟೆನಾ. ಕಬ್ಬಿಣದ ಮಾಡಿನ ನಟ್ಟನಡುವೆ ಅಲೆಯ ಉದ್ದದ ಕಾಲು ಭಾಗದಷ್ಟು, ಅಂದರೆ ಸುಮಾರು 50 ಸೆಂಟಿಮೀಟರಿನ, ಕಡ್ಡಿ ನಿಲ್ಲಿಸಿ. ಕೆಳಗಿರುವ ಲೋಹವೂ ಆಂಟೆನಾದ ಅರ್ಧ ಭಾಗವೇ, ಅದಿಲ್ಲದೆ ಕಡ್ಡಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಟರ್ಪಾಲು ಅಥವಾ ಫೈಬರ್ ಮಾಡಿನ ಜೀಪಾದರೆ ಬಾನೆಟ್ಟಿನ ಅಂಚಿಗೆ ಕೂರಿಸಿ, ಬಣ್ಣ ಕೆರೆದು ಬಾಡಿಗೆ ಗಟ್ಟಿಯಾಗಿ ಅರ್ತ್ ಕೊಡಿ. ಒಂದೂಕಾಲು ಮೀಟರಿನ ಉದ್ದ ಕಡ್ಡಿಗೆ ಜಾಸ್ತಿ ಗೇನ್, ಅಂದರೆ ಸಿಗ್ನಲಿಗೆ ಜಾಸ್ತಿ ಬಲ, ಇದೆ ಅಂತ ಅಂಗಡಿಯವರು ಹೇಳುತ್ತಾರೆ. ಸುಳ್ಳಲ್ಲ. ಆದರೆ ಅದು ಶಕ್ತಿಯನ್ನೆಲ್ಲ ದಿಗಂತದ ಕಡೆಗೆ ಒತ್ತಿ ಕಳಿಸುತ್ತದೆ. ಬಯಲಿನಲ್ಲಿ ಒಳ್ಳೆಯದು, ಒಬ್ಬ ಮೇಲೆ ಒಬ್ಬ ಕೆಳಗೆ ಇರುವ ನಮ್ಮ ಘಾಟಿಯಲ್ಲಿ ಗಿಡ್ಡ ಕಡ್ಡಿಯೇ ವಾಸಿ, ಕೊಂಬೆಗೆ ತಾಗಿ ಮುರಿಯುವುದೂ ಕಡಿಮೆ. ಮ್ಯಾಗ್ನೆಟ್ಟಿನಿಂದ ಮಾಡಿಗೆ ಅಂಟಿಸುವ ಆಂಟೆನಾ ಪೇಟೆಗೆ ಸರಿ. ಕಾಡಿನಲ್ಲಿ ಒಂದು ಬಳ್ಳಿ ಸಾಕು ಎಳೆದು ಹಾಕಲು.

ಆಮೇಲೆ ವಯರಿಂಗ್. 50 ವಾಟ್ ಸೆಟ್ ಮಾತಾಡುವಾಗ 10 ಆಂಪಿಯರಿಗಿಂತ ಜಾಸ್ತಿ ಎಳೆಯಬಹುದು. ನನ್ನ ಗಾಡಿಗೆ ಮೊದಲು ಕೂರಿಸಿಕೊಟ್ಟವರು ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಿಕ್ಕಿಸಿ ಕಳಿಸಿದ್ದರು. ಕರಿಕೆ ದಾಟಿದ ಮೇಲೆ, ಹಿಂದಿನ ಜೀಪಿನವರು ಕರೆಯುತ್ತಿದ್ದಾಗ ನಾನು ಉತ್ತರಿಸಲು ಬಟನ್ ಒತ್ತಿದೆ, ಫ್ಯೂಸ್ ಹೋಯಿತು, ಸೆಟ್ಟೂ ಸತ್ತಿತು, ಮೂರು ಗಂಟೆ ಯಾರು ಎಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಆ ಹೆದರಿಕೆ ಇನ್ನೂ ಮರೆತಿಲ್ಲ. ದಪ್ಪ ವಯರನ್ನು ನೇರ ಬ್ಯಾಟರಿಗೆ ಕೊಡಿ, ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ.

ಇಷ್ಟಾದ ಮೇಲೆ ಸೆಟ್. ಗುಂಡಿಗಳಿರುವ ಮುಖವನ್ನು ಬಿಚ್ಚಿ ಡ್ಯಾಶ್‌ಬೋರ್ಡಿಗೆ ಹಾಕುವಂಥದ್ದು ಇರಲಿ, ಪೆಟ್ಟಿಗೆ ಸೀಟಿನಡಿಗೆ. ಕುಲುಕಾಟದಲ್ಲೂ ಬೆರಳಿಗೆ ಸಿಗುವ ದೊಡ್ಡ ಗುಂಡಿ ಇರಲಿ. ದೂರ ಮಾತಾಡಬೇಕಾದವರಿಗೆ ಇನ್ನೂ ಉದ್ದ ಅಲೆಯ, 7 ಮೆಗಾಹರ್ಟ್ಸ್‌ನ ಎಚ್‌ಎಫ್ ಸೆಟ್ ಇದೆ, ಕ್ಯಾಂಪಿನಲ್ಲಿ 20 ಮೀಟರ್ ತಂತಿಯನ್ನು ಮರಗಳ ನಡುವೆ ತಗ್ಗಾಗಿ ಕಟ್ಟಿದರೆ ಅಲೆ ಮೇಲೆ ಹೋಗಿ, ಆಕಾಶದ ಮೇಲ್ಪದರದಿಂದ ತಿರುಗಿ ಗುಡ್ಡೆಯ ಆಚೆಗೂ ಇಳಿಯುತ್ತದೆ. ಅದು ಎರಡನೇ ಹೆಜ್ಜೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಿ ಲೈಸೆನ್ಸ್ ಸಿಗದೆ ಹ್ಯಾಮ್ ಸೆಟ್ಟಿನಲ್ಲಿ ಮಾತಾಡುವಂತಿಲ್ಲ. ಮುಂದಿನ ಜೀಪಿನವನಿಗೆ ಮಾತ್ರ ಇದ್ದರೆ ಸಾಲದು, ಹಿಂದಿನವನಿಗೂ ಬೇಕು. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಅಲ್ಲಿಯ ತನಕ 446.0ರಿಂದ 446.2 ಮೆಗಾಹರ್ಟ್ಸ್‌ನ ಲೈಸೆನ್ಸ್ ಬೇಡದ ಸಣ್ಣ ವಾಕಿಟಾಕಿ ಬಳಸಿ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡೆ ಜರಿದು ಮಡಿಕೇರಿ ಮಾರ್ಗ ಕಡಿದುಹೋದದ್ದು ನಮಗೆಲ್ಲ ನೆನಪಿದೆ, ಅಲ್ವಾ? ಅಂಥ ದಿನಕ್ಕೆ ಮಾತಾಡಲು ಕಲಿತವರು ಪ್ರತಿ ಊರಲ್ಲೂ ನಾಲ್ಕು ಜನ ಬೇಕು.

ಪರೀಕ್ಷೆಗೆ ಓದುವವರಿದ್ದರೆ ಭಾನುವಾರ ಸಂಜೆ ಬದಿಯಡ್ಕದಲ್ಲಿ ಕೂತು ಕನ್ನಡದಲ್ಲೇ ಹೇಳಿಕೊಡಲು ನಾನು ತಯಾರಿದ್ದೇನೆ.

ಇತಿ,
ಒಬ್ಬ ಓದುಗ, ಬದಿಯಡ್ಕ